ಪಿಎಚ್‌.ಡಿ. ಅರ್ಜಿ: ಬಳಕೆದಾರರ ಕೈಪಿಡಿ (ಶಿಡ್ಲಘಟ್ಟ ಆವೃತ್ತಿ)

ಕನ್ನಡದಲ್ಲೋ ಇತಿಹಾಸದಲ್ಲೋ ಎಂ.ಎ. ಮುಗಿಸಿ, ಸಾಲದೆಂದು ಇನ್ನೂ ಓದಲು ಹೊರಟಿರುವ ನಿಮಗೆ ಅಭಿನಂದನೆಗಳು. ಒಮ್ಮೆ ಪಡೆದ ಪದವಿಯನ್ನು ವಾಪಸ್ ತೆಗೆದುಕೊಳ್ಳಲಾಗುವುದಿಲ್ಲ, ಬದಲಾಯಿಸಿಯೂ ಕೊಡಲಾಗುವುದಿಲ್ಲ.

ನಿಯಮಗಳೆಲ್ಲ ಯುಜಿಸಿ ಜಾಲತಾಣದಲ್ಲಿವೆ. ಅಲ್ಲಿ ಇಲ್ಲದ್ದೂ ಪ್ರೊಫೆಸರರ ಮಕ್ಕಳಿಗೆ ಊಟದ ಹೊತ್ತಿನಲ್ಲಿ ಕಿವಿಗೆ ಬೀಳುತ್ತದೆ. ಊಟದ ಹೊತ್ತಿನಲ್ಲಿ ರೇಷ್ಮೆಗೂಡಿನ ರೇಟಿನ ಮಾತಷ್ಟೇ ಕೇಳಿ ಬೆಳೆದವರಿಗಾಗಿ ಈ ಕೈಪಿಡಿ.

ಬೇಕಾಗುವ ಸಾಮಗ್ರಿ

ಎಸ್ಸೆಸ್ಸೆಲ್ಸಿಯಿಂದ ಎಂ.ಎ.ವರೆಗಿನ ಮಾರ್ಕ್ಸ್ ಕಾರ್ಡುಗಳು. ಎಲ್ಲದರಲ್ಲೂ ನಿಮ್ಮ ಹೆಸರು ಒಂದೇ ತರಹ ಇದ್ದರೆ ನೀವು ಪುಣ್ಯವಂತರು. ಒಂದರಲ್ಲಿ ಇನಿಷಿಯಲ್ ಮುಂದೆ, ಇನ್ನೊಂದರಲ್ಲಿ ಹಿಂದೆ, ಆಧಾರ್‌ನಲ್ಲಿ ಎಲ್ಲೂ ಇಲ್ಲ ಎಂದಾದರೆ ಅಫಿಡವಿಟ್ ಮಾಡಿಸಲು ಒಂದು ದಿನ ಎತ್ತಿಡಿ. ಎಂ.ಎ.ಯಲ್ಲಿ ಶೇ 55 ಅಂಕ ಬೇಕು; ಮೀಸಲಾತಿ ಇದ್ದವರಿಗೆ ಶೇ 50 ಸಾಕು. ಕೋಲಾರದಲ್ಲಿ ಕೇಂದ್ರ ಕಚೇರಿಯಿರುವ ಬೆಂಗಳೂರು ಉತ್ತರ ವಿಶ್ವವಿದ್ಯಾಲಯದಲ್ಲಿ ಓದಿ ಹಂಪಿಗೋ ಮೈಸೂರಿಗೋ ಹೋಗುವವರು ವಲಸೆ ಪ್ರಮಾಣಪತ್ರವನ್ನೂ ಜೋಡಿಸಬೇಕು. ಅದಕ್ಕಾಗಿ ಎಚ್‌ ಕ್ರಾಸ್‌, ವೇಮಗಲ್‌ ದಾಟಿ ಹೋಗಿ, ಕೌಂಟರಿನಲ್ಲಿ ‘ನಾಳೆ ಬನ್ನಿ’ ಅನ್ನಿಸಿಕೊಂಡು, ಅದೇ ದಾರಿಯಲ್ಲಿ ವಾಪಸ್ ಬನ್ನಿ. ಇದು ಕ್ಷೇತ್ರಕಾರ್ಯದ ಮೊದಲ ಪಾಠ.

ಜಾತಿ ಮತ್ತು ಆದಾಯ ಪ್ರಮಾಣಪತ್ರ ನಾಡಕಚೇರಿಯಲ್ಲಿ ಸಿಗುತ್ತದೆ. ಅದರ ಮೇಲಿನ ಆರ್‌ಡಿ ಸಂಖ್ಯೆ ಬಾಯಿಪಾಠವಿರಲಿ. ವರ್ಷದ ಆದಾಯ ಎಷ್ಟು ಎಂದರೆ ಅಪ್ಪ ‘ಯಾವ ಬೆಳೇದು ಹೇಳ್ಲಿ?’ ಎನ್ನುತ್ತಾರೆ. ಅರ್ಜಿಯಲ್ಲಿ ಅದಕ್ಕೆ ಕಾಲಂ ಇಲ್ಲ.

ಅಳವಡಿಸುವ ಮುನ್ನ: ಮನೆಯವರು

ಎಚ್ಚರಿಕೆ: ‘ಇನ್ನೂ ಓದ್ತಾನೇ ಇದೀಯೇನಪ್ಪಾ?’ ಎಂಬ ಪ್ರಶ್ನೆಗೆ ಉತ್ತರಿಸಬೇಡಿ. ಉತ್ತರಿಸಿದರೆ ‘ಮುಗಿದ್ಮೇಲೆ ಏನು?’ ಎಂಬ ಎರಡನೆಯ ಪ್ರಶ್ನೆ ತಾನಾಗಿ ತೆರೆದುಕೊಳ್ಳುತ್ತದೆ.

ಹಟಕ್ಕೆ ಬಿದ್ದರೆ ಉದಾಹರಣೆ ಕೊಡಿ: ಗೌರಿಬಿದನೂರು ತಾಲ್ಲೂಕಿನ ಹೊಸೂರಿನಿಂದ ಓದಲಿಕ್ಕೆಂದು ಬೆಂಗಳೂರಿಗೆ ನಡೆದೇ ಹೋದ ಎಚ್‌. ನರಸಿಂಹಯ್ಯನವರು ಅಮೆರಿಕದಲ್ಲಿ ಪಿಎಚ್‌.ಡಿ. ಮಾಡಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. ‘ಅವ್ರು ಓದಿದ್ದು ಫಿಸಿಕ್ಸು’ ಎಂದು ಚಿಕ್ಕಪ್ಪ ಹೇಳುವ ಮೊದಲೇ ಎದ್ದು ಹೋಗಿ.

ಹೆಣ್ಣುಮಕ್ಕಳಿಗೆ: ಪಿಎಚ್‌.ಡಿ.ಗೆ ಕನಿಷ್ಠ ಮೂರು, ಗರಿಷ್ಠ ಆರು ವರ್ಷ. ಯುಜಿಸಿಯ 2022ರ ನಿಯಮಾವಳಿ ಮಹಿಳೆಯರಿಗೆ ಇನ್ನೆರಡು ವರ್ಷದ ವಿನಾಯಿತಿಯನ್ನೂ 240 ದಿನಗಳವರೆಗೆ ಹೆರಿಗೆ ಮತ್ತು ಶಿಶುಪಾಲನಾ ರಜೆಯನ್ನೂ ಕೊಡುತ್ತದೆ. ಗಂಡಿನ ಕಡೆಯವರು ಕಾಫಿ ಕುಡಿಯುವಾಗಲೇ ಇದನ್ನು ಗಟ್ಟಿಯಾಗಿ ಓದಿ ಹೇಳಿ. ಲೋಟ ಕೆಳಗಿಟ್ಟರೆ ಆ ಸಂಬಂಧ ನಿಮಗಲ್ಲ.

ಹಂತ 1: ಪರೀಕ್ಷೆ

ಯುಜಿಸಿ ನೆಟ್‌ನಲ್ಲಿ ಎರಡು ಪತ್ರಿಕೆ, 150 ಪ್ರಶ್ನೆ, 300 ಅಂಕ, ಮೂರು ಗಂಟೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಆದ್ದರಿಂದ ಯಾವುದನ್ನೂ ಖಾಲಿ ಬಿಡಬೇಡಿ. ಕನ್ನಡದ ಸಂಕೇತ ಸಂಖ್ಯೆ 11. ಎರಡನೆಯ ಪತ್ರಿಕೆ ಕನ್ನಡದಲ್ಲೇ ಇರುತ್ತದೆ. ಮೊದಲನೆಯದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ಪಂಪನ ಮೇಲೆ ಸಂಶೋಧನೆ ಮಾಡುವವರು ಶೇಕಡಾವಾರು ಲೆಕ್ಕವನ್ನು ಇಂಗ್ಲಿಷಿನಲ್ಲಿ ಬಿಡಿಸಬಲ್ಲರೇ ಎಂದು ದೇಶ ಮೊದಲು ಖಾತ್ರಿ ಮಾಡಿಕೊಳ್ಳುತ್ತದೆ.

ಜೆಆರ್‌ಎಫ್‌ ಎಂಬ ಫೆಲೊಶಿಪ್ ಬಂದರೆ ತಿಂಗಳಿಗೆ 37,000 ರೂಪಾಯಿ. ಆ ದಿನದಿಂದ ಮನೆಯಲ್ಲಿ ಪ್ರಶ್ನೆಗಳು ನಿಲ್ಲುತ್ತವೆ. 2024ರಿಂದ ಅದರ ಕೆಳಗಿನ ದರ್ಜೆಯಲ್ಲಿ ಪಾಸಾದರೂ ಆ ಅಂಕ ಪಿಎಚ್‌.ಡಿ. ಪ್ರವೇಶಕ್ಕೆ ಸಲ್ಲುತ್ತದೆ: ನೆಟ್‌ಗೆ ಶೇ 70, ಸಂದರ್ಶನಕ್ಕೆ ಶೇ 30. ಆದರೆ ಒಂದು ವರ್ಷದೊಳಗೆ ಸೀಟು ಹುಡುಕಿಕೊಳ್ಳಬೇಕು. ಕೆ-ಸೆಟ್‌ ಪಾಸಾಗಿದ್ದೀರಾ? ಸಂತೋಷ. ಅದು ಪಾಠ ಮಾಡುವ ಅರ್ಹತೆ. ಅದಕ್ಕೆ ಫೆಲೊಶಿಪ್ ಇಲ್ಲ.

ಪರೀಕ್ಷೆ ಬರೆದ ರಾತ್ರಿ ಹಬ್ಬ ಮಾಡಬೇಡಿ. 2024ರ ಜೂನ್‌ 18ರಂದು ನಡೆದ ನೆಟ್‌ ಮರುದಿನವೇ ರದ್ದಾಯಿತು. ಇನ್ನೊಂದು ಮಾತು: ನಾಲ್ಕನೇ ಜ್ವರ ಎದ್ದ, ಅಂದರೆ ನಾಲ್ಕನೇ ಸಲ ಪೊರೆ ಕಳಚಿದ ರೇಷ್ಮೆಹುಳು ಇಡೀ ಬೆಳೆಯ ಸೊಪ್ಪಿನಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚನ್ನು ಆ ಕೊನೆಯ ವಾರದಲ್ಲೇ ತಿನ್ನುತ್ತದೆ. ಚಾಕಿ ಹುಳು ತರುವ ಮೊದಲು ಪರೀಕ್ಷೆಯ ದಿನಾಂಕ ನೋಡಲು ಅಪ್ಪನಿಗೆ ಹೇಳಿ. ಎರಡೂ ಒಂದೇ ವಾರ ಬಂದರೆ ಯಾವುದು ಮುಂದಕ್ಕೆ ಹೋಗುತ್ತದೆ ಎಂಬುದು ನಿಮಗೇ ಗೊತ್ತು.

ಹಂತ 2: ಗೈಡ್‌

ಪ್ರೊಫೆಸರರು ಎಂಟು ಜನರನ್ನು, ಸಹ ಪ್ರಾಧ್ಯಾಪಕರು ಆರು ಜನರನ್ನು, ಸಹಾಯಕ ಪ್ರಾಧ್ಯಾಪಕರು ನಾಲ್ಕು ಜನರನ್ನು ಮಾತ್ರ ತೆಗೆದುಕೊಳ್ಳಬಹುದು. ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಿಮೆ ಉಳಿದವರು ಹೊಸಬರನ್ನು ತೆಗೆದುಕೊಳ್ಳುವಂತಿಲ್ಲ. ಹೀಗಾಗಿ ನೀವು ಮೆಚ್ಚಿದ ವಿದ್ವಾಂಸರ ಪುಸ್ತಕ ಓದುವುದಕ್ಕೆ ಮೊದಲು ಅವರ ಹುಟ್ಟಿದ ದಿನಾಂಕ ಓದಿ.

ಯಾರ ಬಳಿ ಸೀಟು ಖಾಲಿಯಿದೆ ಎಂಬುದು ಪ್ರಕಟಣೆಯಲ್ಲಿ ಇರಬಹುದು. ಯಾರು ಫೋನ್ ಎತ್ತುತ್ತಾರೆ, ಯಾರು ಅಧ್ಯಾಯ ಓದಿ ವಾಪಸ್ ಕೊಡುತ್ತಾರೆ ಎಂಬುದು ಇರುವುದಿಲ್ಲ. ಅದನ್ನು ಈಗಾಗಲೇ ಅಲ್ಲಿರುವ ಸಂಶೋಧಕರಿಂದಲೇ ತಿಳಿಯಬೇಕು. ಕ್ಯಾಂಟೀನಿನಲ್ಲಿ ಅವರ ಕಾಫಿ ದುಡ್ಡು ನೀವೇ ಕೊಡಿ. ಇಡೀ ಪ್ರಕ್ರಿಯೆಯಲ್ಲಿ ಇಷ್ಟು ಲಾಭ ತರುವ ಖರ್ಚು ಇನ್ನೊಂದಿಲ್ಲ. ಗೈಡ್‌ ಆಗಬಹುದಾದವರಿಗೆ ಗುಲಾಬಿ ಹೂವಿನ ‘ಗುಡ್‌ ಮಾರ್ನಿಂಗ್‌’ ಚಿತ್ರ ಕಳಿಸಬೇಡಿ. ನೀವು ಯಾರು, ಏನು ಓದಿದ್ದೀರಿ, ಏನು ಕೇಳಹೊರಟಿದ್ದೀರಿ ಎಂದು ಒಂದು ಪುಟ ಬರೆದು ಕಳಿಸಿ.

ಹಂತ 3: ವಿಷಯ

ನೀವು ಮೊದಲು ಬರೆಯುವ ಶೀರ್ಷಿಕೆ ‘ಕುವೆಂಪು ಕಾದಂಬರಿಗಳಲ್ಲಿ ನಿಸರ್ಗ: ಒಂದು ಅಧ್ಯಯನ’. ಅದನ್ನು ಹೊಡೆದುಹಾಕಿ. ಎರಡನೆಯದು ‘ವಚನ ಸಾಹಿತ್ಯದಲ್ಲಿ ಸಾಮಾಜಿಕ ಪ್ರಜ್ಞೆ: ಒಂದು ಅಧ್ಯಯನ’. ಅದನ್ನೂ. ‘ಒಂದು ಅಧ್ಯಯನ’ ಎಂಬುದನ್ನು ಎಲ್ಲ ಕಡೆ ಹೊಡೆದುಹಾಕಿ.

ಈಗ ಬೆಳಿಗ್ಗೆ ಗೂಡಿನ ಮಾರುಕಟ್ಟೆಗೆ ಹೋಗಿ ನಿಂತುಕೊಳ್ಳಿ. ಗೂಡು ತಂದ ರೈತ ತೆಲುಗಿನಲ್ಲಿ ಬೇಸರ ಹೇಳಿಕೊಳ್ಳುತ್ತಾನೆ, ನೂಲು ತೆಗೆಸುವ ರೀಲರ್‌ ಉರ್ದುವಿನಲ್ಲಿ ಸಮಾಧಾನ ಹೇಳುತ್ತಾನೆ, ತೂಕದ ಚೀಟಿ ಕನ್ನಡದಲ್ಲಿ ಬರುತ್ತದೆ. ಇಬ್ಬರಿಗೂ ಎಲ್ಲವೂ ಅರ್ಥವಾಗುತ್ತದೆ. ನೂಲು ಬಿಚ್ಚಾಣಿಕೆಯ ಶೆಡ್ಡುಗಳಲ್ಲಿ ಬಿಸಿನೀರಿಗೆ ಕೈಯಿಟ್ಟು ದುಡಿಯುವ ಹೆಂಗಸರು ದಿನವಿಡೀ ಆಡುವ ಮಾತು ಯಾವ ಭಾಷೆಯದು? ಕೈವಾರದ ನಾರೇಯಣ ಯತಿಗಳು ತೆಲುಗಿನಲ್ಲೂ ಕನ್ನಡದಲ್ಲೂ ಹಾಡು ಕಟ್ಟಿದರು. ಎರಡನ್ನೂ ಒಟ್ಟಿಗೆ ಓದಬಲ್ಲವರು ಯಾವ ವಿಭಾಗದಲ್ಲಿ ಕೂರಬೇಕು? 1938ರ ಏಪ್ರಿಲ್‌ 25ರಂದು ವಿದುರಾಶ್ವತ್ಥದಲ್ಲಿ ಸ್ವಾತಂತ್ರ್ಯ ಹೋರಾಟಗಾರರ ಮೇಲೆ ಗುಂಡು ಹಾರಿತು. ಸುತ್ತಲ ಹಳ್ಳಿಗಳಲ್ಲಿ ಅದನ್ನು ಹೇಗೆ ಹೇಳಿಕೊಂಡು ಬಂದಿದ್ದಾರೆ?

ಇವನ್ನು ಕೇಳಬೇಕೆಂದರೆ ಬೆಂಗಳೂರಿನ ಅಭ್ಯರ್ಥಿ ಮೊದಲು ತೆಲುಗು ಕಲಿಯಬೇಕು, ಆಮೇಲೆ ಯಾರದಾದರೂ ಪರಿಚಯ ಮಾಡಿಕೊಂಡು ಶೆಡ್ಡಿನೊಳಗೆ ಹೋಗಬೇಕು. ನೀವು ಅಲ್ಲಿಗೆ ಊಟದ ಬುತ್ತಿ ತಲುಪಿಸಿ ಬಂದವರು. ಅರ್ಜಿಯ ಎಲ್ಲ ಕಾಲಂಗಳಲ್ಲೂ ನಿಮ್ಮನ್ನು ಹಿಂದಕ್ಕೆ ಹಾಕುವ ಊರು ಈ ಒಂದು ಕಾಲಂನಲ್ಲಿ ಎಲ್ಲರಿಗಿಂತ ಮುಂದೆ ನಿಲ್ಲಿಸುತ್ತದೆ. ನಾಚಿಕೆಪಟ್ಟು ಅದನ್ನೂ ಖಾಲಿ ಬಿಡಬೇಡಿ.

ಹಂತ 4: ಸಂದರ್ಶನ

‘ನಿಮ್ಮ ಪ್ರಾಕ್ಕಲ್ಪನೆ ಏನು?’ ಎಂದು ಕೇಳುತ್ತಾರೆ. ‘ಕನ್ನಡದ ಸೇವೆ’ ಎನ್ನಬೇಡಿ. ಸಮಿತಿಯಲ್ಲಿ ಇಬ್ಬರು ತಮ್ಮತಮ್ಮಲ್ಲೇ ವಾದಕ್ಕಿಳಿದರೆ ಸುಮ್ಮನಿರಿ. ಆ ವಾದ ನಿಮಗಿಂತ ಹಳೆಯದು.

ಹೆಚ್ಚುವರಿ ಭಾಗ: ಕಡಲಾಚೆ

ಎ.ಕೆ. ರಾಮಾನುಜನ್‌ ಇಂಡಿಯಾನಾದಲ್ಲಿ ಪಿಎಚ್‌.ಡಿ. ಮಾಡಿ ಷಿಕಾಗೋದಲ್ಲಿ ಪಾಠ ಮಾಡಿದರು, ದಾರಿ ಹೊಸದೇನಲ್ಲ. ಅಲ್ಲಿಯವರು ಸಾಮಾನ್ಯವಾಗಿ ಮೂವರು ಅಧ್ಯಾಪಕರ ಶಿಫಾರಸು ಪತ್ರ ಕೇಳುತ್ತಾರೆ, ಅದು ನಿಮ್ಮ ಕೈಗೆ ಬಾರದೆ ನೇರವಾಗಿ ಅವರಿಗೇ ತಲುಪಬೇಕು. ‘ಎಮ್ಮೆಲ್ಲೆ ಹತ್ರ ಬರೆಸ್ಕೊಂಡು ಬರ್ಲಾ?’ ಎಂದು ಅಪ್ಪ ಕೇಳಿದರೆ ನಯವಾಗಿ ಬೇಡವೆನ್ನಿ. ಅರ್ಜಿ ಶುಲ್ಕ ಡಾಲರಿನಲ್ಲಿರುತ್ತದೆ. ವಿನಾಯಿತಿ ಕೇಳಿದರೆ ಕೆಲವರು ಕೊಡುತ್ತಾರೆ. ಕೇಳಬಹುದು ಎಂಬುದೇ ನಮ್ಮವರಿಗೆ ಗೊತ್ತಿರುವುದಿಲ್ಲ.

ದೋಷ ನಿವಾರಣೆ

ಓಟಿಪಿ ಬರುತ್ತಿಲ್ಲ: ಆಧಾರಿಗೆ ಜೋಡಿಸಿದ್ದು ಅಣ್ಣನ ಹಳೇ ನಂಬರು. ಅಣ್ಣನನ್ನು ಹುಡುಕಿ.

ಫೋಟೋ ಅಪ್‌ಲೋಡ್‌ ಆಗುತ್ತಿಲ್ಲ: ಅಳತೆ ಹೆಚ್ಚಾಗಿದೆ. ಸೈಬರ್‌ ಸೆಂಟರಿನ ಹುಡುಗ ಸರಿಮಾಡುತ್ತಾನೆ. ಅವನೂ ಎಂ.ಎ.

ಕೊನೆಯ ದಿನ ಜಾಲತಾಣ ತೆರೆಯುತ್ತಿಲ್ಲ: ಕೊನೆಯ ದಿನ ಯಾರಿಗೂ ತೆರೆಯುವುದಿಲ್ಲ. ಮೊದಲ ವಾರವೇ ಹಾಕಿ.

ಖಾತರಿ

ಈ ಪದವಿಗೆ ನೌಕರಿಯ ಖಾತರಿ ಇಲ್ಲ. ಅತಿಥಿ ಉಪನ್ಯಾಸಕರಾಗಿ ಎಷ್ಟು ವರ್ಷ ಅತಿಥಿಯಾಗಿಯೇ ಉಳಿಯಬಹುದು ಎಂಬುದಕ್ಕೂ ಮಿತಿ ನಮೂದಿಸಿಲ್ಲ.

ಸಹಾಯವಾಣಿ: ನಿಮಗಿಂತ ಮೊದಲು ಅರ್ಜಿ ಹಾಕಿದ ನಿಮ್ಮೂರಿನವರು. ಅಂಥವರು ಯಾರೂ ಇಲ್ಲದಿದ್ದರೆ ಈ ಜಾಗದಲ್ಲಿ ನಿಮ್ಮ ಮೊಬೈಲ್‌ ಸಂಖ್ಯೆಯನ್ನೇ ಬರೆಯಿರಿ. ಕರೆ ಬಂದಾಗ ಎತ್ತಿ.