ಹಳೇ ಜೀಪಿನ ಎಂಜಿನ್ ಪುನರ್ಜೋಡಣಾ ಮೀಮಾಂಸೆ (ಶೇಷಬೋಲ್ಟ್ ವಿಚಾರ ಸಹಿತ)

ಯಾವ ಶಾಸ್ತ್ರವನ್ನೇ ಆಗಲಿ ಆರಂಭಿಸುವ ಮುನ್ನ ಅದಕ್ಕೆ ಅಧಿಕಾರಿ ಯಾರೆಂದು ನಿರ್ಣಯಿಸುವುದು ಸಂಪ್ರದಾಯ. ಹಳೇ ಜೀಪಿನ ಎಂಜಿನ್ ಬಿಚ್ಚಿ ಕಟ್ಟುವ ಶಾಸ್ತ್ರಕ್ಕೆ ಮೂವರು ಅಧಿಕಾರಿಗಳು: ಜೀಪು ಇದ್ದವನು, ಪಾನಾ ಇದ್ದವನು, ಎರಡೂ ಇಲ್ಲದೆ ಗ್ಯಾರೇಜಿನ ಬೆಂಚಿನ ಮೇಲೆ ಕೂತು ಸಲಹೆ ಕೊಡುವವನು. ಮೂರನೆಯವನಿಗೆ ಫಲಾಪೇಕ್ಷೆ ಇಲ್ಲವಾದ್ದರಿಂದ ಅವನೇ ಉತ್ತಮಾಧಿಕಾರಿ. ಪ್ರಸ್ತುತ ಪ್ರಬಂಧಕಾರನು ಈ ವರ್ಗಕ್ಕೆ ಸೇರಿದವನು.

ಇನ್ನು ವಿಷಯ. ಮೂಡಿಗೆರೆ, ಸಕಲೇಶಪುರ, ಕಳಸದ ಕಡೆಯ ಕಾಫಿ ತೋಟಗಳಲ್ಲಿ ಇಂದಿಗೂ ಕೆಮ್ಮುತ್ತ ಏರು ಹತ್ತುವ ಎತ್ತರದ ಬಾನೆಟ್ಟಿನ ಮಹೀಂದ್ರಾ ಜೀಪೇ ಇಲ್ಲಿ ವಿಚಾರಣೀಯ ವಸ್ತು. ಅದರ ವಂಶಾವಳಿ ಸ್ಪಷ್ಟವಾಗಿದೆ. ಮೂಲಪುರುಷ, ಎರಡನೇ ಮಹಾಯುದ್ಧದ ವಿಲ್ಲಿಸ್ ಎಂಬಿ. ಅದರ ಹೊಟ್ಟೆಯಲ್ಲಿದ್ದದ್ದು ‘ಗೋ ಡೆವಿಲ್’ ಎಂಬ ನಾಲ್ಕು ಸಿಲಿಂಡರಿನ, 2.2 ಲೀಟರಿನ, 60 ಅಶ್ವಶಕ್ತಿಯ ಎಂಜಿನ್. ಅದಕ್ಕೆ ವಾಲ್ವುಗಳೆಲ್ಲ ಬ್ಲಾಕಿನಲ್ಲೇ. ಮುಂದೆ ಬಂದ ‘ಹರಿಕೇನ್’ ಎಂಜಿನ್ನಿನಲ್ಲಿ ಗಾಳಿ ಒಳಗೆಳೆಯುವ ವಾಲ್ವು ಮಾತ್ರ ಹೆಡ್ಡಿಗೆ ಏರಿತು, ಹೊಗೆ ಬಿಡುವ ವಾಲ್ವು ಕೆಳಗೇ ಉಳಿಯಿತು. ಪೂರಕ ಮಹಡಿಯ ಮೇಲೆ, ರೇಚಕ ನೆಲಮಾಳಿಗೆಯಲ್ಲಿ. ಹೀಗೆ ಎಂಜಿನ್ ಎತ್ತರವಾಯಿತು. ಅದನ್ನು ಮುಚ್ಚಲು 1953ರ ಸಿಜೆ3ಬಿ ಮಾದರಿಯಲ್ಲಿ ಬಾನೆಟ್ಟನ್ನೂ ಎತ್ತರಿಸಿದರು. ಅಮೆರಿಕದವರು ಈ ಎತ್ತರದ ಹಣೆಯನ್ನು 1968ರವರೆಗೆ ಸಹಿಸಿಕೊಂಡರು. ನಮ್ಮಲ್ಲಿ ಅದರ ನಂತರವೂ ದಶಕಗಟ್ಟಲೆ ತಯಾರಾಯಿತು. ಹಣೆ ದೊಡ್ಡದಿದ್ದರೆ ಭಾಗ್ಯವಂತ ಎಂಬುದು ನಮ್ಮ ಸಾಮುದ್ರಿಕ ಶಾಸ್ತ್ರದ ಮತವಲ್ಲವೇ?

ಬಿಚ್ಚುವ ವಿಧಿಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಸಂಹಾರಕ್ಕೆ ಶಾಸ್ತ್ರ ಬೇಡ. ಚೈನ್ ಬ್ಲಾಕ್, ಭದ್ರವಾದೊಂದು ಹಲಸಿನ ಕೊಂಬೆ, ಬೈಸಿಕೊಳ್ಳಲು ಒಬ್ಬ ಹುಡುಗ ಇದ್ದರೆ ಸಾಕು. ಆದರೆ ಪಾನಾ ಹಿಡಿದ ಕ್ಷಣವೇ ಎದುರಾಗುವ ತಾತ್ತ್ವಿಕ ಬಿಕ್ಕಟ್ಟೊಂದಿದೆ. ಜೀಪಿನ ಬೋಲ್ಟುಗಳು ಇಂಚಿನವು, ಹುಡುಗನ ಡಬ್ಬಿಯಲ್ಲಿರುವ ಪಾನಾಗಳು ಮಿಲಿಮೀಟರಿನವು. ಇಲ್ಲಿ ಮೂರು ಮತಗಳು ಹುಟ್ಟಿಕೊಂಡಿವೆ. ಇಂಚು ಬೇರೆ, ಮಿಲಿಮೀಟರ್ ಬೇರೆ, ಇವೆರಡರ ಭೇದ ನಿತ್ಯಸತ್ಯ ಎನ್ನುವವರು ದ್ವೈತಿಗಳು. ಇವರ ಬಳಿ ಎರಡು ಡಬ್ಬಿ ಇರುತ್ತದೆ, ಒಂದು ಯಾವಾಗಲೂ ಯಾರೋ ಒಯ್ದಿರುತ್ತಾರೆ. ಅಳತೆಯೆಂಬುದೇ ಮಾಯೆ, ಪೈಪ್ ರಿಂಚೊಂದೇ ಸತ್ಯ ಎನ್ನುವವರು ಅದ್ವೈತಿಗಳು. ಇವರ ಕೈಗೆ ಸಿಕ್ಕ ಬೋಲ್ಟಿನ ಆರು ಮೂಲೆಗಳೂ ಕೊನೆಗೆ ನಿರಾಕಾರದಲ್ಲಿ ಲೀನವಾಗುತ್ತವೆ. ಮೂರನೆಯದು ವಿಶಿಷ್ಟಾದ್ವೈತ: ಅರ್ಧ ಇಂಚೆಂದರೆ 12.7 ಮಿಲಿಮೀಟರ್, ಆದ್ದರಿಂದ 13ರ ಪಾನಾ ಅದಕ್ಕೆ ಸಲ್ಲುತ್ತದೆ, ಆದರೆ ಕೊಂಚ ಆಡುತ್ತದೆ. ಭೇದ ಉಂಟು, ಐಕ್ಯವೂ ಉಂಟು. ಈ ಮತಕ್ಕೆ ಸವಾಲಾಗಿರುವುದು ಒಂಬತ್ತು ಹದಿನಾರನೇ ಇಂಚು ಮಾತ್ರ. ಅದು 14.29 ಮಿಲಿಮೀಟರ್. 14 ಹಿಡಿಯುವುದಿಲ್ಲ, 15 ಜಾರುತ್ತದೆ. ಆಗ ವಿಶಿಷ್ಟಾದ್ವೈತಿಯೂ ಪೈಪ್ ರಿಂಚಿಗೆ ಕೈ ಚಾಚುವುದನ್ನು ನಾವು ಪ್ರತ್ಯಕ್ಷ ಕಂಡಿದ್ದೇವೆ.

ಬ್ಲಾಕು ಲೇತಿಗೆ ಹೋಗಿ ಬೋರ್ ಆಗಿ ಬರುತ್ತದೆ, ಕ್ರ್ಯಾಂಕು ಗ್ರೈಂಡಿಂಗಿಗೆ ಹೋಗಿ ಬರುತ್ತದೆ, ಒಂದು ಸೈಜು ದೊಡ್ಡ ಪಿಸ್ಟನ್ ಪೇಟೆಯಿಂದ ಬರುತ್ತದೆ. ಇದನ್ನು ಅವಾಂತರ ಪ್ರಳಯ ಎನ್ನಬಹುದು. ಇದರ ಅವಧಿಯನ್ನು ಲೇತಿನವನು ‘ಸೋಮವಾರ’ ಎಂದು ಹೇಳುತ್ತಾನೆ. ಯಾವ ಕಲ್ಪದ ಸೋಮವಾರ ಎಂಬುದು ವ್ಯಾಖ್ಯಾನಕ್ಕೆ ಬಿಟ್ಟದ್ದು.

ಈಗ ಸೃಷ್ಟಿಕಾಂಡ. ಪಿಸ್ಟನ್ ರಿಂಗುಗಳ ಬಾಯಿ ಒಂದರ ಮೇಲೊಂದು ಬರಬಾರದು, ಬಂದರೆ ಹಬೆ ಕೆಳಗಿಳಿಯುತ್ತದೆ, ಎಣ್ಣೆ ಮೇಲೇರುತ್ತದೆ. ಟೈಮಿಂಗ್ ಗೇರಿನ ಗುರುತುಗಳು ಎದುರುಬದುರಾಗಬೇಕು. ಇದು ಜಾತಕ ಕೂಡಿಸುವ ಕ್ರಮ, ವಿವರ ಬೇಡ. ಟ್ಯಾಪೆಟ್ ಗ್ಯಾಪು ಹರಿಕೇನಿಗೆ ಮೇಲಿನ ವಾಲ್ವಿಗೆ ಇಂಚಿನ ಸಾವಿರದಲ್ಲಿ 18 ಪಾಲು, ಕೆಳಗಿನದಕ್ಕೆ 16. ಡಿಸ್ಟ್ರಿಬ್ಯೂಟರ್ ಪಾಯಿಂಟಿಗೆ 20 ಪಾಲು. ಅದನ್ನು ಅಳೆಯಲು ಗೇಜ್ ಹುಡುಕುವವನು ಇನ್ನೂ ವಿದ್ಯಾರ್ಥಿ. ಸಿದ್ಧರು ಡ್ಯಾಶ್‌ಬೋರ್ಡಿನಲ್ಲಿ ಸಿಕ್ಕಿಕೊಂಡಿರುವ ಲಗ್ನಪತ್ರಿಕೆಯನ್ನು ತೂರಿಸುತ್ತಾರೆ. ಇದರಿಂದ ಒಂದು ಸಾಮಾಜಿಕ ಸತ್ಯ ಸಿದ್ಧವಾಗುತ್ತದೆ: ಬಡವರ ಮದುವೆಯ ಪತ್ರಿಕೆಯಿಂದ ಹೊಂದಿಸಿದ ಜೀಪಿಗೂ ಎಸ್ಟೇಟ್ ಸಾಹುಕಾರರ ಮಗಳ ಮದುವೆಯ ದಪ್ಪ ಕಾರ್ಡಿನಿಂದ ಹೊಂದಿಸಿದ ಜೀಪಿಗೂ ಕಿಡಿಯಲ್ಲಿ ವ್ಯತ್ಯಾಸವಿದೆ.

ಈ ಶಾಸ್ತ್ರದ ಗೂಢಭಾಗ ಇರುವುದು ಆಯಿಲ್ ಪಂಪಿನಲ್ಲಿ. ಎಣ್ಣೆಗೂ ಕಿಡಿಗೂ ಏನು ಸಂಬಂಧ ಎಂದು ಪೂರ್ವಪಕ್ಷದವನು ಕೇಳುತ್ತಾನೆ. ಸಂಬಂಧವಿದೆ. ಬ್ಲಾಕಿನ ಎಡಗಡೆಯ ಆಯಿಲ್ ಪಂಪನ್ನು ಕ್ಯಾಮ್ ತಿರುಗಿಸುತ್ತದೆ. ಪಂಪಿನ ಶಾಫ್ಟು ಬಲಗಡೆಯ ಡಿಸ್ಟ್ರಿಬ್ಯೂಟರನ್ನು ತಿರುಗಿಸುತ್ತದೆ. ಎರಡೂ ಕೂಡುವ ನಾಲಿಗೆ ನಟ್ಟನಡುವೆ ಇಲ್ಲ, ಒಂದು ಪಕ್ಕಕ್ಕೆ ಸರಿದಿದೆ, ಆದ್ದರಿಂದ ಡಿಸ್ಟ್ರಿಬ್ಯೂಟರ್ ಒಂದೇ ರೀತಿಯಲ್ಲಿ ಕೂರುತ್ತದೆ. ಎಷ್ಟು ಮುಂದಾಲೋಚನೆ! ಆದರೆ ಪಂಪೇ ಒಂದು ಹಲ್ಲು ಆಚೀಚೆ ಕೂತಿದ್ದರೆ? ಆಗ ಎಂಜಿನ್ 1-3-4-2 ಎಂಬ ತನ್ನ ಜಪವನ್ನು ತಪ್ಪುವುದಿಲ್ಲ, ಮುಹೂರ್ತ ಮಾತ್ರ ತಪ್ಪುತ್ತದೆ. ಕಾರ್ಬುರೇಟರಿನಲ್ಲಿ ಢಂ ಎನ್ನುತ್ತದೆ. ಗೌಡರು ಕಾರ್ಬುರೇಟರನ್ನು ಬೈಯುತ್ತಾರೆ, ಬೆಂಚಿನವನು ಪೆಟ್ರೋಲಿಗೆ ಸೀಮೆಎಣ್ಣೆ ಬೆರೆಸಿದ್ದಾರೆ ಎನ್ನುತ್ತಾನೆ, ಹುಡುಗ ಪ್ಲಗ್ಗುಗಳನ್ನು ಮತ್ತೆ ಉಜ್ಜುತ್ತಾನೆ. ಮೇಸ್ತ್ರಿ ಮಾತ್ರ ಬೀಡಿ ಆರಿಸಿ, ಏನೂ ಮಾತಾಡದೆ, ಎಡಗಡೆಗೆ ಹೋಗಿ ಕೂರುತ್ತಾನೆ. ಕಂಪನಿಯ ಮ್ಯಾನ್ಯುಯಲ್ ಶ್ರುತಿ ಎಂಬುದು ಸರ್ವಸಮ್ಮತ. ಶ್ರುತಿಯಾದ್ದರಿಂದಲೇ ಎಲ್ಲರೂ ಅದರ ಬಗ್ಗೆ ಕೇಳಿದ್ದಾರೆ, ಯಾರೂ ಓದಿಲ್ಲ.

ಆತ್ಮದ ಪ್ರಶ್ನೆಯನ್ನೂ ಇಲ್ಲೇ ಮುಗಿಸೋಣ. ಪಿಸ್ಟನ್ ಹೊಸದು, ಹೆಡ್ಡು ಗುಜರಿಯದು, ಕ್ರ್ಯಾಂಕು ಇನ್ನೊಂದು ಜೀಪಿನದು. ಹಾಗಾದರೆ ಈ ಎಂಜಿನ್ ಆ ಎಂಜಿನ್ನೇ? ಕೆಲವರು ಪೆಟ್ರೋಲ್ ಎಂಜಿನ್ನನ್ನೇ ಕಿತ್ತು ಪ್ಯೂಜೋ ಮೂಲದ ಡೀಸೆಲ್ ಎಂಜಿನ್ ಕೂರಿಸಿ ಪರಕಾಯ ಪ್ರವೇಶ ಮಾಡಿಸಿದ್ದಾರೆ; ಅದೇ ಜೀಪು ಎನ್ನುತ್ತಾರೆ. ನಮ್ಮ ಸಿದ್ಧಾಂತ ಸರಳ: ಜೀಪಿನ ಆತ್ಮವಿರುವುದು ಆರ್‌ಸಿ ಪುಸ್ತಕದಲ್ಲಿ. ಅದರಲ್ಲಿ ಬರೆದಿರುವ ಎಂಜಿನ್ ನಂಬರಿಗೆ ಬ್ಲಾಕಿನ ಮೇಲಿನ ನಂಬರು ತಾಳೆಯಾದರೆ ಮೋಕ್ಷ, ಇಲ್ಲವಾದರೆ ಆರ್‌ಟಿಒ ಕಚೇರಿಯಲ್ಲಿ ಪುನರಪಿ ಜನನ.

ಕೊನೆಗೆ ಶೇಷಬೋಲ್ಟ್. ಎಂಜಿನ್ ಕೂರಿಸಿದ ಮೇಲೆ ತಟ್ಟೆಯಲ್ಲಿ ಬೋಲ್ಟುಗಳು ಉಳಿಯುತ್ತವೆ ಎಂಬುದು ಸಾರ್ವತ್ರಿಕ ಅನುಭವ. ‘ಇದ್ಯಾವ್ದು ಮೇಸ್ತ್ರಿ?’ ಎಂದು ಗೌಡರು ಕೇಳಿದರೆ ‘ಅದು ಎಕ್ಸ್‌ಟ್ರಾ ಗೌಡ್ರೇ’ ಎಂಬ ಉತ್ತರ ಬರುತ್ತದೆ. ಹಾಕುವುದು ಮರೆತಿದೆ ಎಂಬುದು ಒಂದು ಪಕ್ಷ. ಇದು ನಿಲ್ಲದು, ಏಕೆಂದರೆ ಎಂಜಿನ್ ಓಡುತ್ತಿದೆ. ಕಂಪನಿಯವರೇ ಹೆಚ್ಚು ಹಾಕಿದ್ದರು ಎಂಬುದು ಇನ್ನೊಂದು. ಇದೂ ನಿಲ್ಲದು, ಏಕೆಂದರೆ ಹಿಂದಿನ ಸಲ ಬಿಚ್ಚಿದಾಗಲೂ ಇಷ್ಟೇ ಉಳಿದಿದ್ದವು. ಆದ್ದರಿಂದ ಬೋಲ್ಟುಗಳು ಕತ್ತಲೆಯಲ್ಲಿ, ಡೀಸೆಲ್ ತಟ್ಟೆಯಲ್ಲಿ, ತಾವಾಗಿ ಸಂತಾನ ಪಡೆಯುತ್ತವೆ ಎಂದು ಒಪ್ಪದೆ ಗತ್ಯಂತರವಿಲ್ಲ.

ಇಷ್ಟಾದ ಮೇಲೆ ಗಾಡಿ ಬಿಡುವಾಗ ಮೇಸ್ತ್ರಿ ಹೇಳುವ ವಿಧಿವಾಕ್ಯವೊಂದಿದೆ: ‘ಐನೂರು ಕಿಲೋಮೀಟ್ರು ಮೆತ್ತಗೆ ಹೊಡೀರಿ ಗೌಡ್ರೇ, ಲೋಡ್ ಹಾಕ್ಬೇಡಿ.’ ಹೊಸ ರಿಂಗು ಹೊಸ ಬೋರಿಗೆ ಒಗ್ಗಿಕೊಳ್ಳಲು ಈ ವ್ರತ ಅಗತ್ಯ. ಆದರೆ ವಿಧಿಗೆ ಅಪವಾದಗಳು ಉಂಟು: ಕಾಫಿ ಕೊಯ್ಲು, ಮೆಣಸು ಕೊಯ್ಲು, ಗೊಬ್ಬರ ಹೊರುವುದು, ನೆಂಟರ ಮದುವೆ, ಊರ ಜಾತ್ರೆ, ಚುನಾವಣೆ, ಆಸ್ಪತ್ರೆ, ಕೆಸರಿನಲ್ಲಿ ಹೂತ ಪಕ್ಕದ ತೋಟದವರ ಟ್ರ್ಯಾಕ್ಟರ್ ಎಳೆಯುವುದು. ಇವನ್ನು ಕಳೆದರೆ ನಿಯಮ ಅನ್ವಯಿಸುವುದು ಆಷಾಢದ ಕೆಲವು ದಿನಗಳಿಗೆ ಮಾತ್ರ. ಆಗ ತೋಟದ ರಸ್ತೆ ಇರುವುದಿಲ್ಲ.