ಅಡವಿವರಂಗೆ ಗೂಗಲ್ ಬಂತು, ಅಕ್ಕನ ಮಗ ಬರಲಿಲ್ಲ

ವಿಶಾಖಪಟ್ಟಣದ ಸಿಂಹಾಚಲದ ಬೆಟ್ಟದ ಬುಡದಲ್ಲಿರುವ ಅಡವಿವರಂ ಮೊನ್ನೆಮೊನ್ನೆಯವರೆಗೆ ಭಕ್ತರು ಕಿಟಕಿಯಿಂದ ನೋಡಿ ಮುಂದೆ ಹೋಗುತ್ತಿದ್ದ ಊರು. ಬೆಟ್ಟದ ಅನಾನಸ್, ಹಲಸು, ಸಂಪಿಗೆ ಹೂವು, ಅಷ್ಟರಲ್ಲೇ ಅದರ ಖ್ಯಾತಿ ಮುಗಿಯುತ್ತಿತ್ತು. 2025ರ ಅಕ್ಟೋಬರ್ 14ರಂದು ದೆಹಲಿಯಲ್ಲಿ ಗೂಗಲ್‌ನವರು ಒಂದು ಘೋಷಣೆ ಮಾಡಿದರು ನೋಡಿ, ವಿಶಾಖಪಟ್ಟಣದಲ್ಲಿ ಐದು ವರ್ಷಕ್ಕೆ 1,500 ಕೋಟಿ ಡಾಲರ್ ಸುರಿದು ಎಐ ಹಬ್ ಕಟ್ಟುತ್ತೇವೆ ಅಂತ. ತರ್ಲುವಾಡ, ರಾಂಬಿಲ್ಲಿಗಳ ಜೊತೆಗೆ ಅಡವಿವರಂ ಹೆಸರೂ ಪೇಪರಿನ ಮೊದಲ ಪುಟಕ್ಕೆ ಬಂತು.

ಅತ್ತ ಬೆಂಗಳೂರಿನಲ್ಲಿ ಹೊಟ್ಟೆ ಉರಿಯದೆ ಇರುತ್ತದೆಯೇ? ನಮ್ಮ ಐಟಿ ಮಂತ್ರಿ ಪ್ರಿಯಾಂಕ್ ಖರ್ಗೆಯವರು ಅಷ್ಟೊಂದು ರಿಯಾಯಿತಿ ಕೊಟ್ಟು ಕರೆದರೆ ಯಾರು ಬರುವುದಿಲ್ಲ ಎಂಬರ್ಥದಲ್ಲಿ ಮಾತಾಡಿದರು. ಆಂಧ್ರದ ಐಟಿ ಮಂತ್ರಿ ನಾರಾ ಲೋಕೇಶ್, ನಮ್ಮ ಊಟದ ಹಾಗೆ ಬಂಡವಾಳವೂ ಖಾರ, ನೆರೆಯವರಿಗೆ ಉರಿ ಹತ್ತಿದೆ ಎಂದು ಛೇಡಿಸಿದರು. ಬ್ಯಾಂಕಿನ ವರ್ಗಾವಣೆಯ ದಯೆಯಿಂದ ವಿಶಾಖಪಟ್ಟಣಕ್ಕೆ ಬಂದು ಇಲ್ಲೇ ಬೇರುಬಿಟ್ಟ ಕನ್ನಡಿಗ ನಾನು. ಎರಡೂ ಕಡೆಯ ಖಾರ ತಿಂದವನಿಗೆ ಇದು ಹೊಸ ಜಗಳವೇನಲ್ಲ. 1516ರಲ್ಲಿ ಗಜಪತಿ ರಾಜನ ಮೇಲೆ ದಂಡೆತ್ತಿ ಬಂದ ನಮ್ಮ ಕೃಷ್ಣದೇವರಾಯ ಈ ಬೆಟ್ಟ ಹತ್ತಿ ನರಸಿಂಹನಿಗೆ 991 ಮುತ್ತಿನ ಹಾರ ಕೊಟ್ಟು ಹೋದ. ಹೊರಗಿನಿಂದ ಬಂದವರು ಕೊಟ್ಟು ಹೋಗುವ ಕಾಲ ಅದು. ಈಗ ಬಂದವರಿಗೇ ನಾವು ಕೊಡಬೇಕು. ಋಷಿಕೊಂಡದಲ್ಲಿ ಟಿಸಿಎಸ್‌ಗೆ 21 ಎಕರೆ ಜಾಗ ಕೊಟ್ಟದ್ದು 99 ಪೈಸೆ ದರದಲ್ಲಿ. ಒಂದು ರೂಪಾಯಿ ಕೊಟ್ಟರೆ ಚಿಲ್ಲರೆ ಇಲ್ಲ ಎಂದು ಕೈಗೆ ಚಾಕಲೇಟು ಹಾಕಿದರೋ ಏನೋ, ಕಾಗದಪತ್ರದಲ್ಲಿ ಅದು ಇರುವುದಿಲ್ಲ.

ಘೋಷಣೆಯಾದ ಸಂಜೆಯೇ ದಾವಣಗೆರೆಯಿಂದ ಅಕ್ಕನ ಫೋನು.

"ಏನೋ, ನಿಮ್ಮೂರಿಗೆ ಗೂಗಲ್ ಬಂತಂತಲ್ಲೋ! ನಮ್ಮವನಿಗೆ ಅಲ್ಲೊಂದು ಕೆಲಸ ನೋಡು. ನೀನು ದಿನಾ ಆ ಕಡೆ ವಾಕಿಂಗ್ ಹೋಗ್ತೀಯಲ್ಲ."

ನಾನು ವಾಕಿಂಗ್ ಹೋಗುವ ದಾರಿಯಲ್ಲಿ ಗೂಗಲ್‌ನ ಸುಂದರ್ ಪಿಚೈ ಸಿಕ್ಕುತ್ತಾರೆ ಎಂದು ಅಕ್ಕ ನಂಬಿದ್ದಾಳೆ. ಅವಳ ದೊಡ್ಡ ಮಗ ಬೆಂಗಳೂರಿನಲ್ಲಿ ಕಂಪ್ಯೂಟರ್ ಸೈನ್ಸ್, ಅದರಲ್ಲೂ ಬಾಲಂಗೋಚಿಯಾಗಿ ಎಐ-ಎಂಎಲ್ ಇರುವ ಬ್ರಾಂಚು ಮುಗಿಸಿದವನು. ಸಿಇಟಿಯಲ್ಲಿ ಸಿಕ್ಕ ಮೆಕ್ಯಾನಿಕಲ್ ಸೀಟನ್ನು ಬಿಡಿಸಿ, ಚನ್ನಗಿರಿ ಕಡೆಯ ಅಡಿಕೆ ತೋಟದ ಎರಡು ವರ್ಷದ ಫಸಲು ಸುರಿದು ಮ್ಯಾನೇಜ್‌ಮೆಂಟ್ ಕೋಟಾದಲ್ಲಿ ಕೊಡಿಸಿದ ಸೀಟು ಅದು. ಮೆಕ್ಯಾನಿಕಲ್ ಎಂದರೆ ಆಗ ಭಾವ "ಗ್ರೀಸ್ ಬಡಕೊಳ್ಳೋಕೆ ಇಂಜಿನಿಯರಿಂಗ್ ಯಾಕೆ?" ಎಂದಿದ್ದರು.

ಅಕ್ಕನಿಗೆ ಹೇಗೆ ಹೇಳುವುದು? ಡೇಟಾ ಸೆಂಟರ್ ಎಂದರೆ ಕೊರಳಿಗೆ ಐಡಿ ಕಾರ್ಡು ನೇತುಹಾಕಿಕೊಂಡ ಹುಡುಗರು ಕಾಫಿ ಕುಡಿಯುವ ಜಾಗ ಅಲ್ಲ. ಅದು ಕಂಪ್ಯೂಟರುಗಳ ಗೋದಾಮು. ಸಾಲುಸಾಲು ಕಬ್ಬಿಣದ ಕಪಾಟು, ಒಳಗೆ ಹಗಲೂ ರಾತ್ರಿ ಬಿಸಿಯಾಗುವ ಚಿಪ್ಪುಗಳು, ಅವನ್ನು ತಣ್ಣಗಿಡಲು ಪೈಪು, ಪಂಪು, ಚಿಲ್ಲರ್ರು. ಇಲ್ಲಿ ಮಾತಾಡುತ್ತಿರುವುದೇ ಗಿಗಾವಾಟ್ ಲೆಕ್ಕದಲ್ಲಿ, ಅಂದರೆ ಸಾವಿರ ಮೆಗಾವಾಟ್. ನಮ್ಮ ಶರಾವತಿ ವಿದ್ಯುದಾಗಾರದ ಹತ್ತೂ ಯಂತ್ರ ಒಟ್ಟಿಗೆ ತಿರುಗಿದರೆ 1,035 ಮೆಗಾವಾಟ್. ಆ ಹತ್ತೂ ಯಂತ್ರ ಸೇರಿ ಕೊಡುವಷ್ಟನ್ನು ಒಂದು ಹಬ್ಬು ಕುಡಿಯುತ್ತದೆ ಎಂದುಕೊಳ್ಳಿ. ಕಟ್ಟುವಾಗ ಸಾವಿರಾರು ಜನ ಬೇಕು. ಕಟ್ಟಿ ಬಾಗಿಲು ಹಾಕಿದ ಮೇಲೆ ಒಳಗೆ ಬೇಕಾಗುವವರು ಕೆಲವೇ ಮಂದಿ, ಅವರಲ್ಲಿ ಬಹುಪಾಲು ಟ್ರಾನ್ಸ್‌ಫಾರ್ಮರ್ ನೋಡುವವರು, ಡೀಸೆಲ್ ಜನರೇಟರ್ ನೋಡುವವರು, ತಂಪು ಯಂತ್ರದ ಗಂಟಲು ಕಟ್ಟದಂತೆ ನೋಡಿಕೊಳ್ಳುವವರು. ಭಾವನವರ ಭಾಷೆಯಲ್ಲಿ, ಗ್ರೀಸ್ ಬಡಕೊಳ್ಳುವವರು. ಅಂದಹಾಗೆ ಮೈಕ್ರೋಸಾಫ್ಟಿನ ಸತ್ಯ ನಾದೆಲ್ಲ ನಮ್ಮ ಮಣಿಪಾಲದಲ್ಲಿ ಓದಿ 1988ರಲ್ಲಿ ಮುಗಿಸಿದ್ದು ಎಲೆಕ್ಟ್ರಿಕಲ್. ಇದನ್ನು ನಮ್ಮ ಕೌನ್ಸೆಲಿಂಗ್ ಏಜೆಂಟರು ಯಾವ ಬ್ರೋಷರಿನಲ್ಲೂ ಅಚ್ಚು ಹಾಕಿದ್ದನ್ನು ನಾನು ಕಂಡಿಲ್ಲ.

ಹೇಗೋ ಇದನ್ನೆಲ್ಲ ಹೇಳಿದೆ. "ಹಾಗಾದರೆ ಟಿಸಿಎಸ್ ನೋಡು" ಅಂದಳು ಅಕ್ಕ. ವಿಶಾಖಪಟ್ಟಣದಲ್ಲಿ 12,000 ಕೆಲಸ ಎಂಬ ಭರವಸೆಯ ಮೇಲೆ ಆ 99 ಪೈಸೆಯ ಜಾಗ 2025ರ ಏಪ್ರಿಲ್‌ನಲ್ಲಿ ಮಂಜೂರಾಯಿತು. ಅದೇ ವರ್ಷ ಜುಲೈನಲ್ಲಿ ಅದೇ ಕಂಪನಿ ಜಗತ್ತಿನಾದ್ಯಂತ ತನ್ನ ನೌಕರರಲ್ಲಿ ನೂರಕ್ಕೆ ಎರಡು ಮಂದಿಯನ್ನು ಕಳಿಸುತ್ತೇವೆ ಎಂದಿತು. ಎಷ್ಟಾಯಿತು? ಸುಮಾರು 12,000. ಇಂಥ ಟ್ಯಾಲಿ ನನ್ನ ಕ್ಯಾಶ್ ಕೌಂಟರಿನಲ್ಲಿ ಒಂದು ದಿನವೂ ಬಂದದ್ದಿಲ್ಲ.

ಹುಡುಗ ದಡ್ಡನಲ್ಲ. ಹೋದ ಸಲ ಇಲ್ಲಿಗೆ ಬಂದಾಗ ಲ್ಯಾಪ್‌ಟಾಪ್ ತೆರೆದು ಪ್ರಾಜೆಕ್ಟ್ ತೋರಿಸಿದ. ಮುಖ ನೋಡಿ ಹಾಜರಿ ಹಾಕುವ ಸಾಫ್ಟ್‌ವೇರ್. ಅವನ ಕ್ಲಾಸಿನಲ್ಲಿ ಅರ್ಧಕ್ಕರ್ಧ ಜನರದ್ದೂ ಅದೇ ಪ್ರಾಜೆಕ್ಟಂತೆ, ಹಾಜರಿ ಮಾತ್ರ ಯಾರದ್ದೂ ಪೂರ್ತಿ ಇರಲಿಲ್ಲ. ಕೋಡ್ ಎಷ್ಟು ಚೊಕ್ಕಟ ಅಂದರೆ ಪ್ರತಿ ಸಾಲಿನ ಪಕ್ಕ ಒಂದು ಟಿಪ್ಪಣಿ, ತಪ್ಪಿಲ್ಲದ ಇಂಗ್ಲಿಷಿನಲ್ಲಿ. ಈ ಹುಡುಗ ನನಗೆ ವಾಟ್ಸಾಪ್ ಮಾಡುವ ಇಂಗ್ಲಿಷ್ ನಾನು ಬಲ್ಲೆ. ಚಾಟ್‌ಜಿಪಿಟಿಗೆ ನಮಸ್ಕಾರ ಹೇಳಿ ಸುಮ್ಮನಾದೆ.

ಆಮೇಲೆ ಇಂಟರ್‌ವ್ಯೂ. ಅದರ ಕಥೆ ಅವನ ಬಾಯಿಂದಲೇ ಕೇಳಿದ್ದು. ಎದುರಿಗೆ ಕೂತ ಹೆಣ್ಣುಮಗಳು ಕೋಡಿನ ಒಂದು ಸಾಲಿಗೆ ಬೆರಳಿಟ್ಟಳು. 'ರ್ಯಾಂಡಮ್ ಸ್ಟೇಟ್ ಈಕ್ವಲ್ಸ್ 42' ಅಂತ ಬರೆದಿತ್ತು.

"ಯಾಕೆ 42?"

"ಅದು ಯಾವಾಗಲೂ 42 ಮೇಡಂ."

"41 ಹಾಕಿದರೆ?"

ಹುಡುಗ ಫ್ಯಾನು ನೋಡಿದ. ನಿಜಕ್ಕೂ ಅದರಲ್ಲಿ ಗುಟ್ಟೇನಿಲ್ಲ. ಡೇಟಾವನ್ನು ಕಲಸಿ ಎರಡು ಪಾಲು ಮಾಡುವಾಗ ಪ್ರತಿ ಸಲವೂ ಒಂದೇ ರೀತಿ ಕಲಸಲಿ ಅಂತ ಒಂದು ಸಂಖ್ಯೆ ಕೊಡುವುದು. 41 ಆದರೂ ಸರಿ, 7 ಆದರೂ ಸರಿ. 42 ಎಂಬುದು ಡಗ್ಲಸ್ ಆಡಮ್ಸ್ ಎಂಬ ಇಂಗ್ಲಿಷ್ ಲೇಖಕ ತಮಾಷೆಗೆ ಬರೆದ ಸಂಖ್ಯೆ, ಪ್ರೋಗ್ರಾಮರುಗಳು ಎತ್ತಿಕೊಂಡರು, ಎಐ ಅವರಿಂದ ಕಲಿಯಿತು, ನಮ್ಮ ಹುಡುಗ ಎಐನಿಂದ ಇಳಿಸಿಕೊಂಡ.

ಸಿಂಹಾಚಲದ ಸ್ವಾಮಿ ವರ್ಷವಿಡೀ ಗಂಧದೊಳಗೆ ಇರುತ್ತಾನೆ, ನೋಡಿದವರು ಶಿವಲಿಂಗ ಎನ್ನಬೇಕು. ಅಕ್ಷಯ ತದಿಗೆಯಂದು ಮಾತ್ರ ಗಂಧ ತೆಗೆದು ನಿಜರೂಪ ದರ್ಶನ. ಅವತ್ತೇ ಮೂರು ಮಣ ಗಂಧ ಮತ್ತೆ ಮೆತ್ತಲು ಶುರು, ಆಮೇಲೆ ವೈಶಾಖ, ಜ್ಯೇಷ್ಠ, ಆಷಾಢದ ಹುಣ್ಣಿಮೆಗಳಿಗೆ ಮೂರು ಮೂರು ಮಣ. ನಮ್ಮ ಹುಡುಗರ ರೆಸ್ಯೂಮೆಗೂ ನಾಲ್ಕು ವರ್ಷ ಹೀಗೇ ಮೆತ್ತಿರುತ್ತದೆ, ಸರ್ಟಿಫಿಕೇಟು, ಹ್ಯಾಕಥಾನು, ಆನ್‌ಲೈನ್ ಕೋರ್ಸು. ಇಂಟರ್‌ವ್ಯೂ ಅವರ ಅಕ್ಷಯ ತದಿಗೆ. ಗಂಧದ ಕೆಳಗೆ ಸ್ವಾಮಿ ಇದ್ದಾನೆ ಎಂಬ ಖಾತ್ರಿ ಇಲ್ಲಿ ಯಾರೂ ಕೊಡುವುದಿಲ್ಲ.

ಆದರೂ ಹುಡುಗರನ್ನೇ ಬೈದು ಕೈತೊಳೆದುಕೊಳ್ಳುವುದು ಸರಿಯಲ್ಲ. ಗೂಗಲ್‌ನಲ್ಲಿ ಹೊಸ ಕೋಡಿನ ಕಾಲುಭಾಗಕ್ಕೂ ಹೆಚ್ಚನ್ನು ಎಐ ಬರೆಯುತ್ತದೆ, ಇಂಜಿನಿಯರುಗಳು ನೋಡಿ ಒಪ್ಪುತ್ತಾರೆ ಎಂದು ಪಿಚೈ 2024ರ ಅಕ್ಟೋಬರಿನಲ್ಲೇ ಹೇಳಿದರು. ನೋಡಿ ಒಪ್ಪುವವರು ಯಾರು? ಹತ್ತು ವರ್ಷದ ಹಿಂದೆ ಸಣ್ಣಪುಟ್ಟ ತಪ್ಪು ತಿದ್ದುತ್ತ, ಟೆಸ್ಟ್ ಬರೆಯುತ್ತ, ರಾತ್ರಿ ಬಯ್ಗುಳ ತಿನ್ನುತ್ತ ಕಲಿತವರು. ಆ ಸಣ್ಣ ಕೆಲಸವನ್ನೇ ಈಗ ಎಐಗೆ ಕೊಟ್ಟಾಗಿದೆ.

ಈ ಆಟ ನಾನು ಬ್ಯಾಂಕಿನಲ್ಲಿ ಕಣ್ಣಾರೆ ನೋಡಿದ್ದೇನೆ. 1984ರಲ್ಲಿ ರಂಗರಾಜನ್ ಸಮಿತಿ ಕಂಪ್ಯೂಟರಿಗೆ ದಾರಿ ತೋರಿಸಿತು, ಎಎಲ್‌ಪಿಎಂ ಎಂಬ ಲೆಡ್ಜರ್ ಪೆಟ್ಟಿಗೆ ಶಾಖೆಗೆ ಬಂತು. ನಾವು ಎದೆಗೆ ಯೂನಿಯನ್ ಬ್ಯಾಡ್ಜು ಚುಚ್ಚಿಕೊಂಡು ಘೋಷಣೆ ಕೂಗಿದೆವು. ಮ್ಯಾನೇಜರು ನಗುನಗುತ್ತಾ, ಯಾರನ್ನೂ ಮನೆಗೆ ಕಳಿಸುವುದಿಲ್ಲ ಅಂದರು. ಮಾತು ಉಳಿಸಿಕೊಂಡರು ಕೂಡ. ಹೊಸಬರನ್ನು ತೆಗೆದುಕೊಳ್ಳುವುದನ್ನು ಮಾತ್ರ ವರ್ಷಗಟ್ಟಲೆ ಹೆಚ್ಚುಕಡಿಮೆ ನಿಲ್ಲಿಸಿಬಿಟ್ಟರು. ಆಮೇಲೆ 2000-01ರ ಸ್ವಯಂ ನಿವೃತ್ತಿ ಯೋಜನೆಯಾದ ವಿಆರ್‌ಎಸ್‌ನಲ್ಲಿ ಸರ್ಕಾರಿ ಬ್ಯಾಂಕುಗಳಿಂದ ಒಂದು ಲಕ್ಷಕ್ಕೂ ಮೀರಿ ಜನ ಎದ್ದು ಹೋದರು. ನಾವು ನಿವೃತ್ತಿಯ ಹತ್ತಿರ ಬಂದಾಗ ನೋಡಿದರೆ ಶಾಖೆಯಲ್ಲಿ ಇದ್ದವರು ಎರಡೇ ಜಾತಿ. ಬಿಪಿ ಮಾತ್ರೆ ನುಂಗುವ ನಾವು, ಮೊನ್ನೆ ಸೇರಿದ ಮಕ್ಕಳು. ನಡುವೆ ನಲವತ್ತರ ಆಸುಪಾಸಿನ ಆಫೀಸರು ಹುಡುಕಿದರೂ ಸಿಕ್ಕುತ್ತಿರಲಿಲ್ಲ. ಯಾವ ಸಾಲಗಾರ ಮಾತಿಗೆ ತಪ್ಪುವವನು, ಯಾವ ಚೆಕ್ಕಿನ ಸಹಿ ಸ್ವಲ್ಪ ನಡುಗಿದೆ ಎಂದು ನಾವು ಕಲಿತದ್ದು ಅರ್ಧ ವರ್ಷಕ್ಕೊಮ್ಮೆ ರಾತ್ರಿ ಹನ್ನೊಂದರವರೆಗೆ ಕೂತು ಲೆಡ್ಜರ್ ಬ್ಯಾಲೆನ್ಸ್ ಮಾಡುತ್ತ. ಆ ಕತ್ತೆ ಚಾಕರಿಯೇ ನಮ್ಮ ಪಾಠಶಾಲೆ ಆಗಿತ್ತೆಂದು ಮ್ಯಾನೇಜರಿಗೂ ಗೊತ್ತಿರಲಿಲ್ಲ, ನಮಗೂ ಗೊತ್ತಿರಲಿಲ್ಲ. ಹತ್ತು ವರ್ಷ ಕಳೆದ ಮೇಲೆ ಎಐ ಬರೆದ ಕೋಡನ್ನು ನೋಡಿ ಒಪ್ಪುವವರು ಎಲ್ಲಿಂದ ಬರುತ್ತಾರೆ ಎಂದು ಈ ಕಂಪನಿಗಳನ್ನು ಯಾರಾದರೂ 99 ಪೈಸೆಯ ಕರಾರು ಬರೆಸಿಕೊಳ್ಳುವಾಗಲೇ ಕೇಳಬಹುದಿತ್ತು.

ಹುಡುಗನಿಗೆ ಫೋನಿನಲ್ಲಿ ಇಷ್ಟು ಹೇಳಿದೆ: ಎಐ ಬರೆದುಕೊಟ್ಟದ್ದನ್ನು ಒಂದು ಸಲ ಕೈಯಾರೆ ಮುರಿದು ನೋಡು, 42 ತೆಗೆದು 41 ಹಾಕು, ಎಲ್ಲಿ ಕೂಗುತ್ತದೆ ಗಮನಿಸು.

"ಮಾಡಿದೆ ಮಾಮ. ಉತ್ತರ ಬೇರೆ ಬಂತು. ಯಾಕೆ ಅಂತ ಗೊತ್ತಾಗೋಕೆ ಮೂರು ದಿನ ಆಯ್ತು."

"ಆ ಮೂರು ದಿನ ರೆಸ್ಯೂಮೆಯಲ್ಲಿ ಬರಿ."

"ಅದಕ್ಕೆ ಸರ್ಟಿಫಿಕೇಟ್ ಯಾರು ಕೊಡ್ತಾರೆ?" ಅಂದ ಕಳ್ಳ.

ಅಷ್ಟರಲ್ಲಿ ಅಕ್ಕ ಫೋನು ಕಸಿದುಕೊಂಡಳು. ಪಿಯುಸಿ ಓದುತ್ತಿರುವ ಎರಡನೆಯವನು ಪಕ್ಕದಲ್ಲೇ ಇದ್ದಿರಬೇಕು, ದನಿ ತಗ್ಗಿಸಿ ಕೇಳಿದಳು:

"ಈ ಚಿಲ್ಲರ್ರು, ಟ್ರಾನ್ಸ್‌ಫಾರ್ಮರ್ರು ಅಂದೆಯಲ್ಲ, ಮೆಕ್ಯಾನಿಕಲ್ ಸೀಟು ಈ ವರ್ಷವೂ ಖಾಲಿ ಉಳಿಯುತ್ತಾ? ನಿನ್ನ ಭಾವನ ಹತ್ರ ಹೇಳಬೇಡ, ಅವರು ಆಗಲೇ ತೋಟ ತೋರಿಸೋಕೆ ಬ್ರೋಕರ್‌ಗೆ ಹೇಳಿದಾರೆ."