ಬಿಚ್ಚಲೋ, ಬೇಡವೋ?

ಅರವತ್ತು ವರ್ಷ ಹಳೆಯ ಬಬಲ್ ಗಮ್ಮಿಗೆ ಯಾರಾದರೂ ಸಾವಿರಾರು ಡಾಲರ್ ಕೊಡುತ್ತಾರೆಯೇ? ಅಮೆರಿಕದಲ್ಲಿ ಕೊಡುತ್ತಾರೆ. ಷರತ್ತು ಒಂದೇ: ಅದನ್ನು ಯಾರೂ ತಿಂದಿರಕೂಡದು, ನೋಡಿಯೂ ಇರಕೂಡದು.

ಗಮ್ಮಿನ ಜೊತೆಗೆ ಬೇಸ್‌ಬಾಲ್ ಆಟಗಾರರ ಚಿತ್ರವಿರುವ ಕಾರ್ಡುಗಳನ್ನಿಟ್ಟು ಮೇಣದ ಕಾಗದದಲ್ಲಿ ಸುತ್ತಿದ ಪುಟ್ಟ ಪೊಟ್ಟಣ ಅದು. ಬ್ರೂಕ್ಲಿನ್ನಿನ ಟಾಪ್ಸ್ ಕಂಪನಿಯವರು ಮೂಲತಃ ಗಮ್ ಮಾರುತ್ತಿದ್ದವರು; ಕಾರ್ಡು ಹುಡುಗರನ್ನು ಅಂಗಡಿಗೆಳೆಯುವ ಆಮಿಷ ಮಾತ್ರವಾಗಿತ್ತು. ಹುಡುಗರು ಕಾಗದ ಹರಿದು, ಗಮ್ಮನ್ನು ಬಾಯಿಗೆ ಹಾಕಿಕೊಂಡು, ಕಾರ್ಡನ್ನು ಜೇಬಿಗಿಳಿಸುತ್ತಿದ್ದರು. ಎರಡೆರಡು ಬಂದದ್ದನ್ನು ಸೈಕಲ್ ಚಕ್ರದ ಕಡ್ಡಿಗೆ ಸಿಕ್ಕಿಸಿ ಪಟಪಟ ಸದ್ದು ಮಾಡಿಸುತ್ತಿದ್ದರು. ನಮ್ಮಲ್ಲೂ ಒಂದು ಕಾಲಕ್ಕೆ ಬಿಗ್ ಫನ್ ಗಮ್ಮಿನ ಜೊತೆ ಕ್ರಿಕೆಟಿಗರ ಚಿತ್ರ ಬರುತ್ತಿತ್ತು. ಅಂಗಡಿ ಕಟ್ಟೆ ಇಳಿಯುವ ಮೊದಲೇ ಅದನ್ನು ಹರಿಯದೆ, ಹಾಗೇ ಮನೆ ಮುಟ್ಟಿಸಿದ ಹುಡುಗ ಯಾರಾದರೂ ಇದ್ದಿದ್ದರೆ ಅವನು ಈಗ ಬ್ಯಾಂಕಿನಲ್ಲಿ ದೊಡ್ಡ ಹುದ್ದೆಯಲ್ಲೇ ಇರಬೇಕು.

ಹಳೆಯ ಪೊಟ್ಟಣ ಕೈಗೆ ಬಂದವನ ಸಂಕಟ ಹೇಳತೀರದು. ಒಳಗೆ ಬೇಸ್‌ಬಾಲ್ ದಿಗ್ಗಜ ಮಿಕ್ಕಿ ಮ್ಯಾಂಟಲ್ ಇದ್ದರೂ ಇರಬಹುದು. ಟಾಪ್ಸ್‌ನವರ 1952ರ ಮ್ಯಾಂಟಲ್ ಕಾರ್ಡೊಂದು 2022ರ ಹರಾಜಿನಲ್ಲಿ 1.26 ಕೋಟಿ ಡಾಲರಿಗೆ ಹೋಯಿತು. ಆದರೆ ಬಿಚ್ಚಿದ ಮೇಲೆ ಕಾಣುವುದು ಸಾಮಾನ್ಯವಾಗಿ ಮ್ಯಾಂಟಲ್ ಅಲ್ಲ. ತಂಡದವರಿಗೇ ಮರೆತುಹೋದ ಯಾವನೋ ಬದಲಿ ಆಟಗಾರ, ನಗಲೋ ಬೇಡವೋ ಎಂಬ ಮುಖದವನು. ಬಿಚ್ಚದಿದ್ದರೆ ಮಾತ್ರ ಒಳಗೆ ಮ್ಯಾಂಟಲ್ ಶಾಶ್ವತವಾಗಿ ಇದ್ದೇ ಇರುತ್ತಾನೆ.

ನಮ್ಮ ಮನೆಯಲ್ಲಿ ಇದನ್ನು ಹೇಳಿದೆ. "ಒಳಗೇನಿದೆ ಅಂತ ಗೊತ್ತಿಲ್ಲದೇ ಅಷ್ಟು ದುಡ್ಡು ಕೊಡ್ತಾರಾ?" ಎಂದಳು ಹೆಂಡತಿ. "ಗೊತ್ತಿಲ್ಲ ಅನ್ನೋದಕ್ಕೇ ಅಷ್ಟು ದುಡ್ಡು" ಎಂದೆ. ಹೆಣ್ಣು ನೋಡಲು ಬಂದಾಗ ನಿಮ್ಮ ಮನೆಯವರೂ ಹೀಗೇ ಏನೂ ಬಿಚ್ಚಿ ಹೇಳಿರಲಿಲ್ಲ ಎಂದು ಅವಳು ಒಳಗೆ ಹೋದಳು.

ಈ ಗೊತ್ತಿಲ್ಲದಿರುವುದರ ವ್ಯಾಪಾರ ಎಲ್ಲಿಯವರೆಗೆ ಹೋಗುತ್ತದೆಂದರೆ, ಕೆನಡಾದ ಸಸ್ಕ್ಯಾಚುವಾನಿನ ಮನೆಯೊಂದರಲ್ಲಿ 1979ರ ಐಸ್ ಹಾಕಿ ಕಾರ್ಡುಗಳ ಒಡೆಯದ ಪೆಟ್ಟಿಗೆಯೊಂದು ಸಿಕ್ಕಿತು. ಒಳಗೆ ಹತ್ತು ಸಾವಿರಕ್ಕೂ ಹೆಚ್ಚು ಕಾರ್ಡು, ಅವುಗಳಲ್ಲಿ ಆ ಆಟದ ದಿಗ್ಗಜ ವೇಯ್ನ್ ಗ್ರೆಟ್ಸ್ಕಿಯ ಚೊಚ್ಚಲ ಕಾರ್ಡು ಇಪ್ಪತ್ತೈದಕ್ಕೂ ಹೆಚ್ಚಿರಬಹುದೆಂಬ ಅಂದಾಜು. 2024ರಲ್ಲಿ ಹರಾಜಿನ ಕೂಗು 37 ಲಕ್ಷ ಡಾಲರ್ ದಾಟಿತು. ಅಂದಾಜಿಗೆ! ಇದಕ್ಕೆ ಎರಡು ವರ್ಷ ಮೊದಲು ಲೋಗನ್ ಪಾಲ್ ಎಂಬ ಯೂಟ್ಯೂಬ್ ತಾರೆ, ಪರಿಣತರ ಮೊಹರು ಬಿದ್ದಿದ್ದ ಪೋಕೆಮಾನ್ ಕಾರ್ಡಿನ ಪೆಟ್ಟಿಗೆಯನ್ನು 35 ಲಕ್ಷ ಡಾಲರಿಗೆ ಕೊಂಡಿದ್ದ. ಜನ ಅನುಮಾನಿಸಿದರೆಂದು ಬಿಚ್ಚಿ ನೋಡಿದರೆ ಒಳಗಿದ್ದದ್ದು ಜಿ.ಐ. ಜೋ ಎಂಬ ಆಟಿಕೆ ಸಿಪಾಯಿಯ ಕಾರ್ಡುಗಳು. ಪಾಪ, ಬಿಚ್ಚದೆ ಇದ್ದಿದ್ದರೆ ಇವತ್ತಿಗೂ ಅದು ಪೋಕೆಮಾನೇ ಆಗಿರುತ್ತಿತ್ತು. ಮೇಣದ ಕಾಗದದ್ದೂ ಇದೇ ಕಥೆ. ಕೊಂಚ ಬಿಸಿ ತಾಗಿಸಿ ಬಿಚ್ಚಿ, ಒಳ್ಳೆಯ ಆಟಗಾರನನ್ನು ಇಳಿಸಿಕೊಂಡು, ಬಡಪಾಯಿಯೊಬ್ಬನನ್ನು ಹತ್ತಿಸಿ, ಮತ್ತೆ ಮುಚ್ಚುವ ಕೈಚಳಕದವರಿದ್ದಾರೆ.

ಇನ್ನು ಬಿಚ್ಚದೆ ಕಾಪಾಡುತ್ತೇನೆ ಎನ್ನುವವರ ಹೆಮ್ಮೆಯನ್ನೂ ಒಂದಿಷ್ಟು ತಟ್ಟಿ ನೋಡಬೇಕು. ಕಪಾಟಿನೊಳಗೆ ಪೊಟ್ಟಣ ಸುಮ್ಮನೆ ಕೂತಿದೆ ಎಂದು ಅವರು ತಿಳಿದಿದ್ದಾರೆ. ಗಮ್ ಸುಮ್ಮನಿರುವುದಿಲ್ಲ. ಮುಟ್ಟಿದರೆ ಗಾಜಿನಂತೆ ಪುಡಿಯಾಗುವಷ್ಟು ಒಣಗುತ್ತಾ, ತನಗೆ ಒರಗಿದ ಕಾರ್ಡಿನ ಮೇಲೆ ಕಂದು ಕಲೆ ಬಿಡುತ್ತದೆ. ಆ ಕಾರ್ಡು ಮ್ಯಾಂಟಲನದೇ ಆಗಿದ್ದರೆ? ಗೊತ್ತಾಗುವುದಿಲ್ಲ, ಅದೊಂದು ಪುಣ್ಯ.

ಅದಕ್ಕಿಂತ ದೊಡ್ಡ ಮಾತೆಂದರೆ, ಕಾಪಾಡುವವರು ಬದುಕಿರುವುದೇ ಹರಿಯುವವರ ದಯದಿಂದ. 1952ರ ಕೊನೆಯ ಕಂತಿನ ಕಾರ್ಡುಗಳು ಅಂಗಡಿಗೆ ಬರುವ ಹೊತ್ತಿಗೆ ಬೇಸ್‌ಬಾಲ್ ಋತು ಮುಗಿಯುತ್ತಾ ಬಂದಿತ್ತು. ಮಾರದೆ ಉಳಿದ ಪೆಟ್ಟಿಗೆಗಳು ಗೋದಾಮಿನಲ್ಲಿ ಜಾಗ ತಿನ್ನುತ್ತಿದ್ದವು. ಆ ಕಾರ್ಡುಗಳನ್ನು ರೂಪಿಸಿದ ಸೈ ಬರ್ಗರ್ ಅವರೇ 1960ರಲ್ಲಿ ಅವನ್ನು ಕಸದ ದೋಣಿಗೆ ಹೇರಿಸಿ, ಅಟ್ಲಾಂಟಿಕ್ ಸಮುದ್ರಕ್ಕೆ ಸುರಿಸಿದರಂತೆ. ಉಳಿದದ್ದರಲ್ಲಿ ಎಷ್ಟೋ ಪಾಲನ್ನು, ಮಕ್ಕಳು ಕಾಲೇಜಿಗೆ ಹೋದಾಗ ಕೋಣೆ ಗುಡಿಸಿದ ತಾಯಂದಿರು ಮುಗಿಸಿದರು. ಬೆಲೆ ಏರಿದ್ದು ಹೀಗೆ. ಈ ಕಥೆ ಕೇಳಿ ಬುದ್ಧಿ ಕಲಿತ ಮುಂದಿನ ತಲೆಮಾರು 1980ರ ದಶಕದ ಕಾರ್ಡುಗಳನ್ನೆಲ್ಲ ಪೆಟ್ಟಿಗೆಗಟ್ಟಲೆ ಕೊಂಡು ಜೋಪಾನ ಮಾಡಿತು. ಕಂಪನಿಗಳೂ ಹಿಂದೆಮುಂದೆ ನೋಡದೆ ಅಚ್ಚು ಹಾಕಿದವು. ಎಲ್ಲರ ಅಟ್ಟದಲ್ಲೂ ಇರುವುದನ್ನು ಕೊಳ್ಳುವವರು ಯಾರು? ಅವುಗಳಲ್ಲಿ ಹೆಚ್ಚಿನವು ಇವತ್ತಿಗೂ ಚಿಲ್ಲರೆ ಕಾಸಿಗೆ ಸಿಗುತ್ತವೆ. ಹಾಗಾಗಿ ಯಾರಾದರೂ ಹಳೆಯ ಪೊಟ್ಟಣವೊಂದನ್ನು ಪರ್ರನೆ ಹರಿದ ಸುದ್ದಿ ಬಂದರೆ, ಅಂಥದ್ದೇ ಇನ್ನೊಂದನ್ನು ತಿಜೋರಿಯಲ್ಲಿಟ್ಟವನು ಅಯ್ಯೋ ಎನ್ನುತ್ತಾನೆ, ಒಳಗೊಳಗೇ ಕೈ ಮುಗಿಯುತ್ತಾನೆ.

ಅಂಥ ಅಗ್ಗದ 1986ರ ಪೊಟ್ಟಣವೊಂದನ್ನು ಬ್ರಾಡ್ ಬಾಲುಕ್ಜಿಯನ್ ಎಂಬ ಲೇಖಕರು ಬಿಚ್ಚಿದರು. ಒಳಗಿದ್ದ ಆಟಗಾರರು ಈಗೇನು ಮಾಡುತ್ತಿದ್ದಾರೆಂದು ಹುಡುಕಿಕೊಂಡು ಕಾರಿನಲ್ಲಿ ದೇಶವಿಡೀ ಸುತ್ತಿದರು. ಸುತ್ತಾಟದ ಪುಸ್ತಕ 'ದಿ ವ್ಯಾಕ್ಸ್ ಪ್ಯಾಕ್' 2020ರಲ್ಲಿ ಬಂತು. ಪೊಟ್ಟಣದಿಂದ ಇಷ್ಟು ವಸೂಲು ಮಾಡಿದವರು ಇನ್ನೊಬ್ಬರಿಲ್ಲವೆಂದು ನನಗನಿಸಿ, ಅದನ್ನೂ ಮನೆಯಲ್ಲಿ ಹೇಳಿದೆ.

"ಕಾರ್ಡಿಗಿಂತ ಪೆಟ್ರೋಲಿಗೇ ಜಾಸ್ತಿ ಆಗಿರತ್ತೆ ಬಿಡಿ" ಎಂದಳು.